ಫಾರ್ಮ್ ಡೇಟಾ ಯಾವಾಗ ಚೆಕ್ ಮಾಡ್ಬೇಕು? ಆಬ್ಜೆಕ್ಟ್ ಹುಟ್ಟೋಕಿಂತ ಮೊದ್ಲು

ಕಲಬುರಗಿಯಾಗ ಒಂದು ತೊಗರಿ ಅಡತಿ ಅಂಗಡಿಗೆ ಫಾರ್ಮ್ ಮಾಡ್ಲಿಕತ್ತೀರಿ ಅಂತ ಇಟ್ಕೊಳ್ರಿ. ರೈತರ ಹೆಸರು, ಮೊಬೈಲ್, ಪಿನ್‌ಕೋಡ್, ಎಷ್ಟು ಕ್ವಿಂಟಲ್ ತಂದಾರ, ಇಷ್ಟೇ. ಭಾಳ ಮಂದಿ ಖಾಲಿ ಆಬ್ಜೆಕ್ಟ್ (ಒಬ್ಬ ರೈತನ ಮಾಹಿತಿ ಎಲ್ಲಾ ಕೂಡಿಸಿ ಇಡೋ ಕೋಡಿನ ಡಬ್ಬಿ) ಮೊದ್ಲು ಮಾಡಿ, ಬಂದದ್ದೆಲ್ಲಾ ಸೆಟ್ಟರ್‌ಲೆ (ಒಂದೊಂದೇ ಫೀಲ್ಡ್ ತುಂಬೋ ಮೆಥಡ್) ತುಂಬಿ, ಸೇವ್ ಮಾಡೋ ಮುಂದ ಎಲ್ಲಾ ಸರಿ ಅದನೋ ನೋಡೋ ವ್ಯಾಲಿಡೇಟ್ ಮೆಥಡ್ ಕರೀತಾರ. ನಾನೂ ಹಂಗೇ ಮಾಡ್ತಿದ್ದೆ, ಆದ್ರ ಎಕ್ಸೆಲ್ ಅಪ್‌ಲೋಡ್ ಕೋಡ್‌ನಾಗ ಆ ಮೆಥಡ್ ಕರಿಯೋದು ಮರ್ತೆ, ಮೈನಸ್ ಕ್ವಿಂಟಲ್ ಹೋಗಿ ಡೇಟಾಬೇಸ್‌ನಾಗ ಕೂತಿತ್ತು.

ಹಿಂಗ ಮಾಡ್ರಿ. ಫಾರ್ಮಿಗೆ ಒಂದು ಬ್ಯಾರೆ ಕ್ಲಾಸ್ ಇಡ್ರಿ, ಅದ್ರಾಗ ಎಲ್ಲಾ ಬರೀ ಸ್ಟ್ರಿಂಗ್ (ಟೈಪ್ ಮಾಡಿದ್ದು ಹಂಗಂಗೇ), ತಪ್ಪಿದ್ರೂ ನಡೀತದ. ಅಲ್ಲೇ ಎಲ್ಲಾ ಫೀಲ್ಡ್ ನೋಡಿ ಎಲ್ಲಾ ತಪ್ಪೂ ಒಮ್ಮಿಗೇ ತೋರಿಸ್ರಿ, ಒಂದು ಸರಿ ಮಾಡಿದ್ಮ್ಯಾಲ ಇನ್ನೊಂದು ಅಂತ ಮಂದಿಗೆ ತ್ರಾಸ್ ಕೊಡಬ್ಯಾಡ್ರಿ. ಎಲ್ಲಾ ಸರಿ ಇದ್ರ ಮಾತ್ರ ಖರೇ ಆಬ್ಜೆಕ್ಟ್ ಮಾಡ್ರಿ, ಅದ್ರ ಕನ್‌ಸ್ಟ್ರಕ್ಟರ್‌ನಾಗೂ (ಆಬ್ಜೆಕ್ಟ್ ಹುಟ್ಟೋ ಮುಂದ ಓಡೋ ಕೋಡ್) ಕ್ವಿಂಟಲ್ ಸೊನ್ನಿಗಿಂತ ಜಾಸ್ತಿ ಅದನೋ ಇಲ್ಲೋ ನೋಡಿ, ಇಲ್ಲಂದ್ರ ಎಕ್ಸೆಪ್ಷನ್ ಒಗೀರಿ, ಅಂದ್ರ ಎರರ್ ಕೊಟ್ಟು ಅಲ್ಲೇ ನಿಲ್ಲಿಸ್ರಿ. ಎರಡು ಸಲ ಯಾಕ ಅಂತೀರಿ? ಫಾರ್ಮ್ ಚೆಕ್ ಮನುಷ್ಯಾಗ ಹೇಳ್ಲಿಕ್ಕೆ, ಕನ್‌ಸ್ಟ್ರಕ್ಟರ್ ಚೆಕ್ ನಮ್ಮಂಥ ಪ್ರೋಗ್ರಾಮರ್ ಮರ್ತಾಗ ತಡೀಲಿಕ್ಕೆ.

ಬ್ರೌಸರ್ ಚೆಕ್ ಇದ್ರ ಚಲೋ, ಲಗೂನ ತಪ್ಪು ಕಾಣ್ತದ, ಆದ್ರ ಅದನ್ನ ನಂಬಬ್ಯಾಡ್ರಿ, ಪೋಸ್ಟ್‌ಮ್ಯಾನ್ ಅನ್ನೋ ಟೂಲ್‌ಲೆ ಯಾರ್ ಬೇಕಾದ್ರೂ ಫಾರ್ಮ್ ಬಿಟ್ಟು ಸರ್ವರ್‌ಗೆ ನೇರ ಕಳಿಸ್ಬಹುದು.

ನಮ್ಮ ಕಡಿ ಇನ್ನೊಂದು ತೊಡಕದ. ಪಿನ್‌ಕೋಡ್ 6 ಅಂಕಿ, ಮೊದಲ್ನೇದು ಸೊನ್ನಿ ಇರಂಗಿಲ್ಲ, ಕಲಬುರಗಿ 585101, ಬೀದರ್ 585401. ಯಾರಾದ್ರೂ ಅದನ್ನ ೫೮೫೪೦೧ ಅಂತ ಕನ್ನಡದಾಗ ಟೈಪ್ ಮಾಡಿದ್ರ? ಬ್ರೌಸರ್‌ನಾಗ ಓಡೋ ಜಾವಾಸ್ಕ್ರಿಪ್ಟ್ ರೆಜೆಕ್ಸ್‌ನಾಗ (ಟೈಪ್ ಮಾಡಿದ್ದು ಒಂದು ಮಾದರಿಗೆ ಹೊಂದ್ತದೋ ಇಲ್ಲೋ ನೋಡೋ ಸೂತ್ರ) ಬ್ಯಾಕ್‌ಸ್ಲ್ಯಾಶ್ ಡಿ ಅನ್ನೋ ಅಂಕಿ ಗುರುತು ಅಂದ್ರ 0 ಇಂದ 9 ಅಷ್ಟೇ, ಸರ್ವರ್‌ನಾಗ ಪೈಥಾನ್ 3 ಇದ್ರ ಅದ್ರಾಗ ಅದೇ ಕನ್ನಡ ಅಂಕಿನೂ ಒಪ್ತದ, ಅಂದ್ರ ಬ್ರೌಸರ್ ಒಂದಂತದ ಸರ್ವರ್ ಇನ್ನೊಂದಂತದ. ಹಂಗಾಗಿ ಮೊದ್ಲು ಕನ್ನಡ ಅಂಕಿನ 0 ಇಂದ 9ಕ್ಕ ಬದ್ಲಿ ಮಾಡ್ರಿ, ಹಿಂದ ಮುಂದಿನ ಸ್ಪೇಸ್ ತಗೀರಿ, ಆಮ್ಯಾಲ ಚೆಕ್ ಮಾಡ್ರಿ. ಕನ್ನಡದಾಗ ಬರ್ದವ್ರಿಗೆ ಎರರ್ ತೋರಿಸೋದು ನಂಗಂತೂ ಸೇರಂಗಿಲ್ಲ.

ಒಂದು ಮಾತ್ರ ಮೊದ್ಲೇ ಚೆಕ್ ಮಾಡಿ ಮುಗಿಯಂಗಿಲ್ಲ, ಈ ಮೊಬೈಲ್ ಆಗ್ಲೇ ರಿಜಿಸ್ಟರ್ ಆಗ್ಯದೇನು ಅನ್ನೋದು. ಇಬ್ಬರು ಗುಮಾಸ್ತರು ಒಂದೇ ಟೈಮಿಗೆ ಸೇವ್ ಒತ್ತಿದ್ರ ಇಬ್ಬರಿಗೂ ಇಲ್ಲ ಅಂತನೇ ಬರ್ತದ. ಡೇಟಾಬೇಸ್‌ನಾಗ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಮೊಬೈಲ್ ಎರಡು ಸಲ ಕೂರದಂಗ ತಡಿಯೋ ನಿಯಮ) ಹಾಕ್ರಿ, ಇನ್ಸರ್ಟ್ ಆಗೋ ಮುಂದ ಬಂದ ಎರರ್ ಹಿಡ್ದು ಫಾರ್ಮ್‌ನಾಗ ಆ ಮೊಬೈಲ್ ಫೀಲ್ಡ್ ಕೆಳಗೇ ತೋರಿಸ್ರಿ.