ಖೋಟಾ ಗುಂಡಿನಿಂದ ಶುರುವಾದ ನನ್ನ ಥಾಯ್ ನಾಣ್ಯಗಳ ಕಥೆ

ನಾನು ದುಡ್ಡು ಕೊಟ್ಟು ಕೊಂಡ ಮೊದಲ ಹಳೇ ಥಾಯ್ ನಾಣ್ಯ ಖೋಟಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಏನೇನು ಕಲಿತೆನೋ ಅದೆಲ್ಲ ಆ 1,800 ಬಾತ್ ನೀರಿಗೆ ಹೋದ ಹೊಟ್ಟೆಉರಿಯಲ್ಲೇ ಕಲಿತದ್ದು.

ಕಂಪನಿ ಕೆಲಸದ ಮೇಲೆ ನಾಲ್ಕು ವರ್ಷ ಬ್ಯಾಂಕಾಕಿನಲ್ಲಿದ್ದೆ. ಹೋದ ಹೊಸದರಲ್ಲಿ ಒಂದು ಭಾನುವಾರ ಸುಮ್ನೆ ಸುತ್ತಾಡುತ್ತಾ ಥಾ ಫ್ರಾ ಚಾನ್ ಕಡೆ ಬಂದೆ. ಚಾವೋ ಫ್ರಾಯಾ ನದಿ ದಂಡೆ, ವಾಟ್ ಮಹಾಥಾಟ್ ಅನ್ನೋ ಬೌದ್ಧ ದೇವಾಲಯದ ಪಕ್ಕ. ಅಲ್ಲಿ ತಾಯಿತದ ಸಂತೆ. ಸಣ್ಣ ಸಣ್ಣ ಬುದ್ಧನ ಬಿಲ್ಲೆಗಳನ್ನು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಗಂಟೆಗಟ್ಟಲೆ ನೋಡುತ್ತಾ ಕೂರುವ ಗಂಡಸರು. ಅದರ ನಡುವೆ ಒಂದು ತಟ್ಟೆಯಲ್ಲಿ ಬೆಳ್ಳಿ ಉಂಡೆಗಳು ಇದ್ದವು. ಗೋಲಿಯೂ ಅಲ್ಲ, ಬಂದೂಕಿನ ಗುಂಡೂ ಅಲ್ಲ. ಮುಟ್ಟಿದರೆ ಮುದುಡಿಕೊಳ್ಳುವ ಹುಳ ಇರುತ್ತಲ್ಲ, ಹಾಗೆ. ಇದು ದುಡ್ಡು ಅಂದರು. ನಂಬಲಾಗಲಿಲ್ಲ. ಕೊಂಡೆ.

ಅದರ ಹೆಸರು ಪೊಟ್ ದುವಾಂಗ್. ಹೆಸರಿನ ಅರ್ಥವೇ ಮುದುಡಿದ ಹುಳ ಅಂತ. ಸುಖೋಥಾಯ್ ರಾಜ್ಯದ ಕಾಲದಿಂದ ಶುರುವಾಗಿ, ಅಯುಥಾಯಾ ರಾಜ್ಯ ದಾಟಿ, ಬ್ಯಾಂಕಾಕ್ ಕಟ್ಟಿದ ಮೇಲೂ ಸಯಾಮಿನ, ಅಂದರೆ ಹಳೇ ಥಾಯ್ಲೆಂಡಿನ, ದುಡ್ಡು ಇದೇ. 1904ರಲ್ಲಿ ಸರ್ಕಾರ ಇದರ ಚಲಾವಣೆ ನಿಲ್ಲಿಸಿತು. ಬೆಳ್ಳಿಯ ತುಂಡನ್ನು ಸುತ್ತಿಗೆಯಲ್ಲಿ ಬಡಿದು ಎರಡೂ ತುದಿ ಒಳಕ್ಕೆ ಬಾಗಿಸಿ, ಮೇಲೆ ಮುದ್ರೆ ಒತ್ತುತ್ತಿದ್ದರು. ತೂಕವೇ ಬೆಲೆ. ಬಾತ್ ಅನ್ನೋದು ಮೂಲದಲ್ಲಿ ತೂಕದ ಹೆಸರು, ಸುಮಾರು 15.2 ಗ್ರಾಂ. ಈಗಲೂ ಅಲ್ಲಿ ಚಿನ್ನದಂಗಡಿಗೆ ಹೋದರೆ ಬಂಗಾರವನ್ನು ಗ್ರಾಂ ಲೆಕ್ಕದಲ್ಲಿ ಅಲ್ಲ, ಬಾತ್ ಲೆಕ್ಕದಲ್ಲೇ ಮಾರುತ್ತಾರೆ. ನಮ್ಮಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತಲ್ವಾ, ಅದೇ ತರಹ.

ಇದೆಲ್ಲ ಓದಿಕೊಂಡದ್ದು ಕೊಂಡ ಮೇಲೆ. ತೂಕವೇ ಬೆಲೆ ಅಂತ ಓದಿದ ತಕ್ಷಣ ನನ್ನ ಉಂಡೆ ತೂಗಿ ನೋಡೋಣ ಅನ್ನಿಸಿತು. ಅಡುಗೆಮನೆಯ ತಕ್ಕಡಿ 14 ತೋರಿಸಿತು, ಒಂದು ಸಲ 13. ಅದನ್ನು ನಂಬೋದು ಹೇಗೆ? ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತಂದೆ, 0.01 ಗ್ರಾಂವರೆಗೆ ತೋರಿಸುವಂಥದ್ದು. 13.60. ಹಳೇದು, ಸವೆದಿರಬಹುದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸವೆದದ್ದಾದರೆ ಮುದ್ರೆಯೂ ಸವೆದಿರಬೇಕು, ಮುದ್ರೆ ಮಾತ್ರ ನಿನ್ನೆ ಒತ್ತಿದ ಹಾಗಿತ್ತು.

ಆಮೇಲೆ ನೀರಿನ ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಎಷ್ಟು ತೋರಿಸುತ್ತೋ ಅಷ್ಟು ನೀರು ಪಕ್ಕಕ್ಕೆ ಸರಿದಿದೆ ಅಂತ ಅರ್ಥ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಅಪ್ಪಟ ಬೆಳ್ಳಿ ಆದರೆ 10.49. ಪೊಟ್ ದುವಾಂಗಿನ ವಿಷಯದಲ್ಲಿ ಒಂದು ಎಚ್ಚರಿಕೆ: ಮಡಿಕೆಯ ಸಂದಿಯಲ್ಲಿ ಗಾಳಿ ಗುಳ್ಳೆ ಕೂತುಬಿಡುತ್ತೆ, ಲೆಕ್ಕ ತಪ್ಪುತ್ತೆ, ಅದಕ್ಕೆ ಮೊದಲು ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಅಲ್ಲಾಡಿಸಬೇಕು. ನನ್ನದಕ್ಕೆ ತಕ್ಕಡಿ 1.60 ತೋರಿಸಿತು. 13.60 ಭಾಗಿಸು 1.60, ಎಂಟೂವರೆ. ಹಿತ್ತಾಳೆಯ ಲೆಕ್ಕ ಅದು. ಮೂರು ಸಲ ಮಾಡಿದೆ, ಮೂರು ಸಲವೂ ಹಿತ್ತಾಳೆಯೇ!

ಮುಂದಿನ ಭಾನುವಾರ ಹೋದರೆ ಆ ಜಾಗದಲ್ಲಿ ಬೇರೆ ಯಾರೋ ಕನ್ನಡಕ ಮಾರುತ್ತಿದ್ದರು.

ಆದರೆ ಎರಡು ಅಂಗಡಿ ಆಚೆ ಒಬ್ಬ ಹಿರಿಯರು ಕೂತಿದ್ದರು. ನಾನು ಅವರನ್ನು ಲುಂಗ್ ಅಂತಲೇ ಕರೆಯುವುದು. ಅಂದರೆ ದೊಡ್ಡಪ್ಪ, ವಯಸ್ಸಾದವರನ್ನು ಅಲ್ಲಿ ಹಾಗೆ ಕರೆಯೋದು ವಾಡಿಕೆ. ನನ್ನ ಉಂಡೆ ಕೈಗೆ ತಗೊಂಡು, ಗಾಜು ಕೂಡ ಹಾಕದೆ, "ಪ್ಲೋಮ್" ಅಂದರು. ಖೋಟಾ. ಆಮೇಲೆ ತಮ್ಮ ಡಬ್ಬಿಯಿಂದ ಇನ್ನೊಂದು ತೆಗೆದು ಪಕ್ಕಕ್ಕಿಟ್ಟು, "ಥೇ" ಅಂದರು. ಅಸಲಿ. ಎರಡನ್ನೂ ಗಾಜಿನಲ್ಲಿ ನೋಡು ಅಂತ ಕೈಸನ್ನೆ. ಅಸಲಿಯ ಮೈಮೇಲೆ ಸುತ್ತಿಗೆ ಏಟಿನ ಸಣ್ಣ ಸಣ್ಣ ಚಪ್ಪಟೆಗಳು, ಬಾಗಿಸಿದ ಕಡೆ ಬೆಳ್ಳಿ ಎಳೆದುಕೊಂಡ ಗೆರೆಗಳು. ಮುದ್ರೆಯ ಅಂಚು ಚೂಪು, ಒತ್ತಿದ ಜೋರಿಗೆ ಸುತ್ತಲಿನ ಲೋಹ ಸ್ವಲ್ಪ ಉಬ್ಬಿದೆ. ನನ್ನದರ ಮೈ ನುಣ್ಣಗೆ, ಅಲ್ಲಲ್ಲಿ ಸೂಜಿಮೊನೆಯಂಥ ತೂತು, ಅಡಿಯಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆಯನ್ನು ಅರದಲ್ಲಿ ಉಜ್ಜಿದ ಗುರುತು. ಎರಕ ಹೊಯ್ದದ್ದು. ಇಷ್ಟು ಸುಲಭವಾಗಿ ಕಾಣೋದನ್ನು ನಾನು ನೋಡೇ ಇರಲಿಲ್ಲ, ಬೆಳ್ಳಿ ಹೊಳಪು ನೋಡಿ ಮರುಳಾಗಿದ್ದೆ.

ಲುಂಗ್‌ಗೆ ಇಂಗ್ಲಿಷ್ ಬಾರದು, ನನಗೆ ಥಾಯ್ ಬಾರದು. ಆದರೂ ಪಾಠ ನಡೆಯಿತು, ಯಾಕೆ ಗೊತ್ತಾ? ಮುದ್ರೆಗಳ ಹೆಸರು ಅವರು ಹೇಳುತ್ತಿದ್ದರೆ ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿತ್ತು. ಬ್ಯಾಂಕಾಕ್ ಕಾಲದ ಉಂಡೆಗಳಲ್ಲಿ ಎರಡು ಮುದ್ರೆ ಇರುತ್ತವೆ. ನೆತ್ತಿಯ ಮೇಲೆ "ಚಕ್", ಅಂದರೆ ಚಕ್ರ, ರಾಜವಂಶದ ಗುರುತು. ಮುಂದುಗಡೆ ಆಯಾ ರಾಜನ ಗುರುತು. ಆ ವಂಶದ ರಾಜರನ್ನು ಒಂದನೇ ರಾಮ, ಎರಡನೇ ರಾಮ ಅಂತ ಎಣಿಸುತ್ತಾರೆ. ಎರಡನೇ ರಾಮನದು "ಕ್ರುಟ್", ಗರುಡ. ಮೂರನೇ ರಾಮನದು "ಪ್ರಾಸಾಟ್", ಪ್ರಾಸಾದ, ಪುಟ್ಟ ಅರಮನೆ. ನಾಲ್ಕನೆಯವನದು "ಮೊಂಗ್‌ಕುಟ್", ಮುಕುಟ, ಅದು ಅವನ ಹೆಸರೂ ಹೌದು. ಹಾಗೇ ಮುಂದಕ್ಕೆ ಹೋದರೆ ಸತಾಂಗ್ ಅಂದರೆ ಶತ ಮತ್ತು ಅಂಗ, ಬಾತಿನ ನೂರರಲ್ಲೊಂದು ಪಾಲು. ನಾಣ್ಯಕ್ಕೆ ಸರ್ಕಾರಿ ಮಾತಿನಲ್ಲಿ "ಕಸಾಪ್" ಅನ್ನುತ್ತಾರೆ, ಅದು ನಮ್ಮ ಹಳೇ ಕಾರ್ಷಾಪಣ. ನಮ್ಮ "ಹಣ" ಕೂಡ "ಪಣ"ದಿಂದಲೇ ಬಂದದ್ದು, ಅಂದರೆ ದೂರದ ದಾಯಾದಿಗಳು.

ಇದರಲ್ಲಿ ನನಗೆ ಭಾರೀ ಖುಷಿ ಕೊಟ್ಟದ್ದು 1863ರ ಚಿನ್ನದ ನಾಣ್ಯಗಳ ಹೆಸರು. ಥೋಟ್, ಫಿಟ್, ಫಟ್‌ದುಯೆಂಗ್. ಬೆಲೆ ನೋಡಿದರೆ 8 ಬಾತ್, 4 ಬಾತ್, ಎರಡೂವರೆ ಬಾತ್. ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು: 80 ಬಾತ್ ಸೇರಿದರೆ ಒಂದು ಚಾಂಗ್. ಅದನ್ನು ಹತ್ತು ಪಾಲು ಮಾಡಿದರೆ 8, ಇಪ್ಪತ್ತು ಪಾಲಾದರೆ 4, ಮೂವತ್ತೆರಡು ಪಾಲಾದರೆ ಎರಡೂವರೆ. ದಸ, ವೀಸ, ಬತ್ತಿಂಸ, ಅಷ್ಟೇ, ಪಾಲಿ ಭಾಷೆಯ ಲೆಕ್ಕ. ಕೊಳ್ಳುವ ಮಾತು ಬಿಡಿ, ಚಿನ್ನದವು ನನ್ನ ಕೈಗೆ ಎಟುಕುವಂಥದ್ದಲ್ಲ.

ಉಂಡೆ ಹೋಗಿ ಚಪ್ಪಟೆ ನಾಣ್ಯ ಬಂದದ್ದು ನಾಲ್ಕನೇ ರಾಮ ಮೊಂಗ್‌ಕುಟನ ಕಾಲದಲ್ಲಿ. 1855ರಲ್ಲಿ ಬ್ರಿಟಿಷರ ಜೊತೆ ಬೌರಿಂಗ್ ಒಪ್ಪಂದ ಆಯಿತು, ಹಡಗುಗಳು ಜಾಸ್ತಿಯಾದವು, ವಿದೇಶೀಯರು ಮೆಕ್ಸಿಕೋದ ಬೆಳ್ಳಿ ಡಾಲರ್ ತಂದರು, ಜನ ಅದನ್ನು ಮುಟ್ಟಲು ಹಿಂಜರಿದರು, ನಮಗೆ ನಮ್ಮ ಉಂಡೆಯೇ ಕೊಡಿ ಅಂದರು. ಕೈಯಲ್ಲಿ ಬಡಿದು ಎಷ್ಟು ಅಂತ ಮಾಡೋದು? ಕೊನೆಗೆ ಆ ಡಾಲರ್‌ಗಳ ಮೇಲೇ ಚಕ್ರ, ಮುಕುಟ ಒತ್ತಿ ಬಿಟ್ಟರು. ವಿಕ್ಟೋರಿಯಾ ರಾಣಿ ಕೈಯಲ್ಲಿ ತಿರುಗಿಸುವ ಟಂಕಸಾಲೆ ಯಂತ್ರ ಉಡುಗೊರೆ ಕಳಿಸಿದಳು. ಅದು ಸಾಲದೆ ಬರ್ಮಿಂಗ್‌ಹ್ಯಾಮಿನಿಂದ ಉಗಿ ಯಂತ್ರ ತರಿಸಿ 1860ರಲ್ಲಿ ಅರಮನೆ ಆವರಣದಲ್ಲೇ ಟಂಕಸಾಲೆ ಶುರು ಮಾಡಿದರು. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಚಕ್ರದೊಳಗೆ ಆನೆ. ರಾಜನ ಮುಖ ಇಲ್ಲ, ಇಸವಿಯೂ ಇಲ್ಲ. ಮುಖ ಬಂದದ್ದು ಮಗ ಚುಲಾಲಾಂಗ್‌ಕೋರ್ನ್ ಕಾಲಕ್ಕೆ, 1876ರಲ್ಲಿ.

ಇಸವಿ ಇರುವ ನಾಣ್ಯ ಬಂತು ಅಂದರೆ ಇನ್ನೊಂದು ತಲೆನೋವು. ಸಂಖ್ಯೆಗಳು ಥಾಯ್ ಲಿಪಿಯಲ್ಲಿ. ಒಂದು ವಾರ ಕೂತು ಕಲಿತೆ, ಬೈಕ್ ಟ್ಯಾಕ್ಸಿ ಹುಡುಗರ ಜಾಕೆಟ್ ಮೇಲಿನ ನಂಬರ್ ಓದಿ ಓದಿ. 4 ಮತ್ತು 5 ಅವಳಿ ಜವಳಿ, 5ಕ್ಕೆ ತಲೆ ಮೇಲೆ ಸಣ್ಣ ಮಡಿಕೆ ಇರುತ್ತೆ, ಸವೆದ ನಾಣ್ಯದಲ್ಲಿ ಅದೇ ಮೊದಲು ಅಳಿಸಿಹೋಗಿರುತ್ತೆ. ಓದಿದರೂ ಸಾಲದು, ಯಾವ ಶಕೆ ಅಂತ ಗೊತ್ತಿರಬೇಕು. 1236 ಅಂತ ಇದ್ದರೆ ಚುಲ ಶಕೆ, 638 ಕೂಡಿಸಿ, 1874 ಬಂತು. ನೂರಿಪ್ಪತ್ತರ ಆಸುಪಾಸಿನ ಮೂರಂಕಿ ಇದ್ದರೆ ಬ್ಯಾಂಕಾಕ್ ಕಟ್ಟಿದಂದಿನಿಂದ ಎಣಿಸುವ ರತ್ತನಕೋಸಿನ್ ಶಕೆ, 1781 ಕೂಡಿಸಿ. 25ರಿಂದಲೋ 24ರಿಂದಲೋ ಶುರುವಾಗುವ ನಾಲ್ಕಂಕಿ ಆದರೆ ಬೌದ್ಧ ಶಕೆ, 543 ಕಳೆಯಿರಿ. 1941ಕ್ಕಿಂತ ಮುಂಚೆ ಅವರ ಹೊಸ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತಿತ್ತು, ನಮ್ಮ ಯುಗಾದಿಯ ಹೊತ್ತಿಗೆ ಅನ್ನಿ, ಹಾಗಾಗಿ ಒಂದು ವರ್ಷ ಹಿಂದೆ ಮುಂದೆ ಆಗಬಹುದು.

ಓದಲು ಬಂದ ಮೇಲೆ ನಾನು ಜೋರಾಗಿ ಕೂಡಿಹಾಕಿದ್ದು ತೂತಿನ ಒಂದು ಸತಾಂಗ್. 1908ರಿಂದ ಶುರು, ಅಂದರೆ ರತ್ತನಕೋಸಿನ್ 127. ಊರಲ್ಲಿ ಅಜ್ಜನ ಪೆಟ್ಟಿಗೆಯಲ್ಲಿ ಉಡಿದಾರಕ್ಕೆ ಪೋಣಿಸಿದ ತೂತಿನ ಕಾಸು ಇದ್ದವು, 1940ರ ದಶಕದವು, ಬಹುಶಃ ಅದೇ ಕಾರಣಕ್ಕೆ ಇವು ಮನಸ್ಸಿಗೆ ಹಿಡಿದವು. ಬೆಲೆಯೂ ಅಗ್ಗ. ಲುಂಗ್ ಒಂದು ಡಬ್ಬಿ ತುಂಬ ಇಟ್ಟಿರುತ್ತಿದ್ದರು, ಕೂತು ಇಸವಿ ಪ್ರಕಾರ ಆರಿಸೋದು, ಸಂಜೆವರೆಗೂ. ಆಮೇಲೆ ಯುದ್ಧಕಾಲದ ತವರದ ಸತಾಂಗ್‌ಗಳು, 1942ರವು, ಬೂದು ಬಣ್ಣ, ಕೈಗೆ ಹಗುರ. ನೋಡಲು ಚೆಂದ ಇಲ್ಲ, ಆದರೂ ಬಿಡಲಾಗಲಿಲ್ಲ.

ಇಲ್ಲೇ ಒಂದು ದಿನ ದೊಡ್ಡ ತಪ್ಪು ಮಾಡಿದೆ. ಆರಿಸುವಾಗ ಒಂದು ಬೆಳ್ಳಿ ಬಾತ್ ಕೈಜಾರಿ ಉರುಳಿತು, ಚರಂಡಿ ಕಡೆ. ನಾನು ಯೋಚನೆ ಮಾಡದೆ ಚಪ್ಪಲಿ ಕಾಲಿಂದ ಒತ್ತಿ ನಿಲ್ಲಿಸಿದೆ. ಸುತ್ತ ಇದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ನಾಣ್ಯದ ಮೇಲೆ ರಾಜನ ಮುಖ, ಅದರ ಮೇಲೆ ನನ್ನ ಕಾಲು. ಅಲ್ಲಿ ಅದು ಬರೀ ಅಗೌರವ ಅಲ್ಲ, ರಾಜನಿಗೆ ಅವಮಾನ ಅಂದರೆ ಜೈಲು ಕೂಡ. ನಾನು ಬಗ್ಗಿ, ಎರಡೂ ಕೈಯಲ್ಲಿ ಎತ್ತಿ, ನಮ್ಮ ಅಭ್ಯಾಸಬಲದಂತೆ ಕಣ್ಣಿಗೆ ಒತ್ತಿಕೊಂಡೆ. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ. ಲುಂಗ್ ಅದನ್ನು ನೋಡಿ ನಕ್ಕರು, ಉಳಿದವರೂ ತಮ್ಮ ತಮ್ಮ ಭೂತಗನ್ನಡಿಗೆ ಹೋದರು. ಬೆವರಿಬಿಟ್ಟಿದ್ದೆ.

ಅದೇ ಬೆಳ್ಳಿ ಬಾತ್ ಆಮೇಲೆ ಕೊಂಡು ರಜೆಗೆ ಊರಿಗೆ ತಂದೆ. ನೂರು ವರ್ಷಕ್ಕೆ ಬರುವ ನೀಲಿ ಬೂದು ಬಣ್ಣ ಅದರ ಮೇಲೆ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಆನೆಯ ಸುತ್ತ ಮಾತ್ರ ನವಿಲುಗರಿಯ ಹಾಗೆ. ದೀಪಾವಳಿ. ಲಕ್ಷ್ಮೀಪೂಜೆ ದಿನ ಬೆಳಿಗ್ಗೆ ಎದ್ದು ನೋಡಿದರೆ ದೇವರ ತಟ್ಟೆಯಲ್ಲಿ ಫಳಫಳ ಅಂತಿದೆ! ಅಮ್ಮ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಾರೆ. "ಕಪ್ಪಾಗಿತ್ತಲ್ಲೋ, ದೇವರ ಮುಂದೆ ಹಂಗೇ ಇಡಕ್ಕಾಗತ್ತಾ?" ಅಂದರು. ಏನು ಹೇಳೋದು. ಅದರ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಈಗ ಅದು ಪೂಜೆಗೇ ಮೀಸಲು. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳೋದು ಇದೊಂದೇ: ತೊಳೆಯಬೇಡಿ, ಉಜ್ಜಬೇಡಿ, ಅಂಚು ಹಿಡಿದು ಎತ್ತಿ. ಮೆತ್ತನೆ ಪಿವಿಸಿ ಕವರಿನಲ್ಲೂ ಇಡಬೇಡಿ, ಬ್ಯಾಂಕಾಕಿನ ಸೆಕೆಗೆ ಆರೇ ತಿಂಗಳಲ್ಲಿ ನನ್ನ ಮೂರು ತಾಮ್ರದ ನಾಣ್ಯಗಳಿಗೆ ಹಸಿರು ಅಂಟು ಹಿಡಿಯಿತು.

ಅದೇ ರಜೆಯಲ್ಲಿ ಅಮ್ಮ ಚೌಕಾಬಾರ ಆಡಲು ಕವಡೆ ತೆಗೆದಾಗ ನಾನು ಅದನ್ನೂ ಹಿಡಿದು ನೋಡುತ್ತಾ ಕೂತೆ. ಸಯಾಮಿನಲ್ಲಿ ಪುಡಿಗಾಸು ಅಂದರೆ ಕವಡೆಯೇ, ಮಾಲ್ಡೀವ್ಸ್ ಕಡೆಯಿಂದ ಬರುತ್ತಿದ್ದವು, 6,400 ಕವಡೆಗೆ ಒಂದು ಬಾತ್. ನಾವು ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ಬೈಯುತ್ತೇವೆ, ಅಲ್ಲಿ ಅದರಲ್ಲೇ ಸಂತೆ ನಡೆಯುತ್ತಿತ್ತು. ಥಾಯ್‌ನಲ್ಲಿ ಬಡ್ಡಿಗೆ ಈಗಲೂ "ದೋಕ್ ಬಿಯಾ" ಅನ್ನುತ್ತಾರೆ. ದೋಕ್ ಅಂದರೆ ಹೂವು, ಬಿಯಾ ಅಂದರೆ ಕವಡೆ. ಬ್ಯಾಂಕಿನ ಬೋರ್ಡ್ ಮೇಲೆ ದಿನಾ ನೋಡುತ್ತಿದ್ದ ಪದ, ಅರ್ಥ ಗೊತ್ತಾದ ದಿನ ಬ್ಯಾಂಕಿನಲ್ಲೇ ನಕ್ಕುಬಿಟ್ಟೆ. ಇನ್ನೊಂದು ಪುಡಿಗಾಸೂ ಇತ್ತು, ಚೀನೀ ಜೂಜುಕಟ್ಟೆಗಳ ಪಿಂಗಾಣಿ ಬಿಲ್ಲೆ, "ಪೀ" ಅಂತ. ಚಿಲ್ಲರೆ ಇಲ್ಲದೆ ಜನ ಅದನ್ನೇ ಅಂಗಡಿಗಳಲ್ಲಿ ಕೊಡಲು ಶುರು ಮಾಡಿದರು, ಸರ್ಕಾರ 1870ರ ದಶಕದಲ್ಲಿ ನಿಲ್ಲಿಸಬೇಕಾಯಿತು. ನನ್ನ ಹತ್ತಿರ ನಾಲ್ಕಿವೆ.

ಹೊಸ ನಾಣ್ಯಗಳಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ, ಆದರೆ ಚಿಲ್ಲರೆಯಲ್ಲೇ ಸಿಗುವುದರಿಂದ ಖರ್ಚಿಲ್ಲದ ಶುರುವಾತು ಇದು. ಹತ್ತು ಬಾತಿನ ಎರಡು ಬಣ್ಣದ ನಾಣ್ಯ ಬಂದದ್ದು 1988ರಲ್ಲಿ, ಹಿಂಬದಿಯಲ್ಲಿ ವಾಟ್ ಅರುಣ್ ದೇವಾಲಯ. ಅದರಲ್ಲಿ 2533ನೇ ಇಸವಿಯದು ಅಂದರೆ 1990ರದು ಬರೀ 100 ಮಾಡಿದ್ದರು. ನಾಲ್ಕು ವರ್ಷ ಪ್ರತಿ ಹತ್ತು ಬಾತನ್ನೂ ತಿರುಗಿಸಿ ನೋಡಿದೆ. ಆಫೀಸಿನ ಕ್ಯಾಂಟೀನಿನ ಅಕ್ಕ ನನಗೆ ಚಿಲ್ಲರೆ ಕೊಡುವಾಗ ತಾನೇ ಒಮ್ಮೆ ನೋಡಿ, ಇಲ್ಲ ಅಂತ ತಲೆ ಆಡಿಸಿ ಕೊಡುವ ಮಟ್ಟಕ್ಕೆ ಬಂತು.

ಹಳೇ ವಸ್ತುಗಳನ್ನು ಥಾಯ್ಲೆಂಡಿನಿಂದ ಆಚೆ ತರಲು ಲಲಿತಕಲಾ ಇಲಾಖೆಯ ಅನುಮತಿ ಬೇಕು, ಇದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಅಲ್ಲ. ಸುಮ್ನೆ ನೋಡಿ ಕಣ್ಣು ಪಳಗಿಸಿಕೊಳ್ಳಲು ಚಕ್ರಬೊಂಗ್ಸೆ ರಸ್ತೆಯಲ್ಲಿ ಖಜಾನೆ ಇಲಾಖೆಯ ನಾಣ್ಯ ಮ್ಯೂಸಿಯಂ ಇದೆ. ನಾನು ಐದಾರು ಸಲ ಹೋಗಿದ್ದೇನೆ.

ನನ್ನ ಮೊದಲ ಅಸಲಿ ಪೊಟ್ ದುವಾಂಗ್, ಪ್ರಾಸಾದದ ಗುರುತಿನದು, ಲುಂಗ್ ಹತ್ತಿರವೇ ಕೊಂಡೆ. 15.21 ಗ್ರಾಂ, ನೀರಿನಲ್ಲಿ 1.46. ಭಾಗಿಸಿ ನೋಡಿಕೊಳ್ಳಿ. ಈಗ ಬೇಕಾಗಿರೋದು "ರಿಯನ್ ನುವಾಟ್", ಮೀಸೆ ನಾಣ್ಯ. ಚುಲಾಲಾಂಗ್‌ಕೋರ್ನ್ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ ಬೆಳ್ಳಿ ಬಾತ್ ಅದು, ರತ್ತನಕೋಸಿನ್ 127ರದು, ರಾಜನ ಮೀಸೆ ಎದ್ದು ಕಾಣುತ್ತೆ, ಹಿಂದೆ ಮೂರು ತಲೆಯ ಎರಾವನ್, ನಮ್ಮ ಐರಾವತ. ಆದರೆ ರಾಜ 1910ರಲ್ಲಿ ತೀರಿಕೊಂಡ, ಅದು ಸಂತೆಗೆ ಇಳಿಯಲೇ ಇಲ್ಲ. ಲುಂಗ್ ಹತ್ತಿರ ಒಂದಿದೆ, ಹತ್ತಿಯಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲೇ ಇಟ್ಟಿರುತ್ತಾರೆ. ಬ್ಯಾಂಕಾಕಿಗೆ ಹೋದಾಗಲೆಲ್ಲ ಕೇಳುತ್ತೇನೆ. "ಮೈ ಖಾಯ್" ಅನ್ನುತ್ತಾರೆ, ಮಾರಲ್ಲ. ಆಮೇಲೆ ಅವರೇ ಹೊರಗೆ ತೆಗೆದು, ಗಾಜು ಕೈಗೆ ಕೊಟ್ಟು, ನೋಡು ಅನ್ನುತ್ತಾರೆ.