ಮೊದಲು ಬಚ್ಚಲು ನೋಡಿ, ಆಮೇಲೆ ಕ್ಯಾಸಿನೊ: ಹಿರಿಯ ಜೋಡಿಗೆ ಗೋವಾದಲ್ಲಿ ಹೋಟೆಲು ಆರಿಸುವುದು ಹೇಗೆ?

ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಅಪ್ಪ ಅಮ್ಮನಿಗೆ ಗೋವಾದಲ್ಲಿ ರೂಮು ಬುಕ್ ಮಾಡುವ ಕ್ರಮ ಹೆಚ್ಚುಕಮ್ಮಿ ಒಂದೇ. ಈಜುಕೊಳದ ಫೋಟೊ ನೋಡುತ್ತಾರೆ, ನಕ್ಷತ್ರ ಎಣಿಸುತ್ತಾರೆ, ‘ಕ್ಯಾಸಿನೊ ಪ್ಯಾಕೇಜ್ ಸಹಿತ’ ಅಂತಿದ್ದರೆ ಇನ್ನೂ ಖುಷಿ. ದುಡ್ಡು ಕಟ್ಟಿ ವಾಟ್ಸ್ಯಾಪಿನಲ್ಲಿ ಕಳಿಸಿದರೆ ಅವರ ಮಟ್ಟಿಗೆ ಕೆಲಸ ಮುಗಿಯಿತು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಹಾಗೆ ಹೋಗಿ ಬಂದವರನ್ನು ಒಮ್ಮೆ ಮಾತಾಡಿಸಿ ನೋಡಿ. ಕ್ಯಾಸಿನೊ ಸುದ್ದಿ ಎರಡು ಮಾತಿಗೆ ಮುಗಿಯುತ್ತದೆ. ಆಮೇಲೆ ಬರುವುದೆಲ್ಲ ಮೆಟ್ಟಿಲು, ಬಾತ್‌ಟಬ್, ರಾತ್ರಿಯಿಡೀ ಕೇಳಿಸಿದ ಡಿಜೆ.

ಹಾಗಾಗಿ ನನ್ನ ಕ್ರಮ ಉಲ್ಟಾ. ಕ್ಯಾಸಿನೊ ಇಲ್ಲವೇ ಇಲ್ಲ ಅಂದುಕೊಂಡು ಹೋಟೆಲು ಆರಿಸಬೇಕು. ಕ್ಯಾಸಿನೊ ಒಂದು ಸಂಜೆಯ ಕೆಲಸ. ಬಚ್ಚಲಿಗೆ ದಿನಕ್ಕೆ ಏಳೆಂಟು ಸಲ, ರಾತ್ರಿ ಕಣ್ಣು ಸರಿ ತೆರೆಯದೆ ಎರಡು ಸಲ ಹೋಗಲಿಕ್ಕುಂಟು.

1. ಕ್ಯಾಸಿನೊ ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ

ಕೇರಳದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಕಾಸರಗೋಡಿನವರಿಗೆ ಹತ್ತಿರದ್ದು ಗೋವಾವೇ. ಸಿಕ್ಕಿಂನಲ್ಲಿ ಉಂಟು, ಆದರೆ ಗ್ಯಾಂಗ್ಟಾಕಿನ ಏರುದಾರಿ ಮೊಣಕಾಲು ನೋವಿನವರಿಗಲ್ಲ.

ಗೋವಾದಲ್ಲಿ ಎರಡು ಬಗೆ ಇವೆ. 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು. 1996ರಲ್ಲಿ ಹಡಗುಗಳಲ್ಲಿ ಮೇಜಿನ ಆಟಕ್ಕೂ ದಾರಿ ಆಯಿತು. ಅಂದರೆ ಸಿನಿಮಾದಲ್ಲಿ ಕಾಣುವ ರೂಲೆಟ್ ಚಕ್ರ, ಇಸ್ಪೀಟು ಹಂಚುವ ಡೀಲರ್, ಇದೆಲ್ಲ ಬೇಕಾದರೆ ಪಣಜಿ ಎದುರು ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗಿಗೇ ಹೋಗಬೇಕು. ಬಟನ್ ಒತ್ತುವ ಯಂತ್ರ ಸಾಕು ಅಂದರೆ ದೋಣಿ ಹತ್ತುವ ಗೋಜಿಲ್ಲ, ಹೋಟೆಲಿನೊಳಗೇ ಇರುವ ಕ್ಯಾಸಿನೊ ಸಾಕು.

ಇದು ಗೊತ್ತಿಲ್ಲದೆ ‘ಕ್ಯಾಸಿನೊ ರೆಸಾರ್ಟ್’ ಎಂಬ ಬೋರ್ಡು ನಂಬಿ ದಕ್ಷಿಣ ಗೋವಾದಲ್ಲಿ ರೂಮು ಹಿಡಿದವರಿದ್ದಾರೆ. ಹಡಗು ನೋಡಬೇಕಾದರೆ ಅಲ್ಲಿಂದ ಹೋಗಲಿಕ್ಕೆ ಒಂದು ಗಂಟೆ, ಬರಲಿಕ್ಕೆ ಇನ್ನೊಂದು. ರಾತ್ರಿ ಹನ್ನೊಂದಕ್ಕೆ ಟ್ಯಾಕ್ಸಿಯವನು ಕೇಳಿದ್ದೇ ರೇಟು. ಓಲಾ, ಊಬರ್ ಗೋವಾದಲ್ಲಿ ಸಿಗುವುದಿಲ್ಲ. ಗೋವಾಮೈಲ್ಸ್ ಎಂಬ ಟ್ಯಾಕ್ಸಿ ಆ್ಯಪ್ ಇದೆ, ಅದನ್ನು ಊರಿನಲ್ಲೇ ಫೋನಿಗೆ ಹಾಕಿಕೊಂಡು ಹೋಗಿ.

2. ಊರು ಆರಿಸಿ

ಪಣಜಿ. ಬೇರೆ ಯೋಚನೆ ಬೇಡ.

ಕಲಂಗುಟ್, ಬಾಗಾ ಬೀಚುಗಳು ಹರೆಯದವರಿಗೆ ಸರಿ. ನಿದ್ದೆ ಬೇಕಾದವರಿಗಲ್ಲ. ಪಣಜಿಯಾದರೆ ನದಿದಂಡೆಯಲ್ಲಿ ಸಮತಟ್ಟಾದ ಕಾಲುದಾರಿ ಇದೆ, ಮೀರಾಮಾರ್ ಕಡಲತೀರ ಹತ್ತಿರ, ಬಾಂಬೋಳಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ದೂರವಿಲ್ಲ. ಮಂಗೇಶಿ, ಕವಳೆಯ ಶಾಂತಾದುರ್ಗಾ ದೇವಸ್ಥಾನಗಳಿಗೆ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಬರಬಹುದು. ‘ಕ್ಯಾಸಿನೊಕ್ಕಾ? ಈ ವಯಸ್ಸಿನಲ್ಲಾ?’ ಅಂತ ಕೇಳುವ ನೆಂಟರಿಗೆ ಹೇಳಲಿಕ್ಕೂ ಒಂದು ಉತ್ತರ ಆಯಿತು.

3. ಫೋನು ಮಾಡಿ. ಎಲ್ಲರೂ ಎಡವುವುದು ಇಲ್ಲೇ

ಬುಕಿಂಗ್ ಆ್ಯಪಿನಲ್ಲಿ ಮೂರು ಹೋಟೆಲು ಆರಿಸಿಟ್ಟುಕೊಳ್ಳಿ. ದುಡ್ಡು ಕಟ್ಟಬೇಡಿ. ಹೋಟೆಲಿನ ಲ್ಯಾಂಡ್‌ಲೈನಿಗೆ ಮಧ್ಯಾಹ್ನ ಮೂರರಿಂದ ಐದರ ಒಳಗೆ ಫೋನು ಮಾಡಿ. ಬೆಳಿಗ್ಗೆ ಚೆಕ್‌ಔಟ್ ಗಲಾಟೆ ಇರುತ್ತದೆ, ಸಂಜೆ ಬಂದವರ ಸಾಲು ಇರುತ್ತದೆ, ಎರಡು ಹೊತ್ತಿಗೂ ‘ಯೆಸ್ ಸರ್, ಯೆಸ್ ಸರ್’ ಮಾತ್ರ ಸಿಗುತ್ತದೆ.

‘ಲಿಫ್ಟ್ ಇದೆಯಾ?’ ಅಂತ ಕೇಳಬೇಡಿ. ಇದೆ ಅನ್ನುತ್ತಾರೆ, ಸುಳ್ಳೂ ಅಲ್ಲ. ಆದರೆ ಲಿಫ್ಟಿನ ಬಾಗಿಲಿಗೆ ಮುಟ್ಟುವ ಮೊದಲು ಆರು ಮೆಟ್ಟಿಲು ಇರಬಹುದು. ಲಿಫ್ಟ್ ಇಳಿದ ಮೇಲೆ ಉದ್ದ ಕಾರಿಡಾರಿನ ಕೊನೆಯಲ್ಲಿ ಮತ್ತೆ ಮೂರು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ರೆಸಾರ್ಟುಗಳಲ್ಲಂತೂ ರೂಮು ಒಂದು ತಟ್ಟಿನಲ್ಲಿ, ತಿಂಡಿಯ ಹಾಲ್ ಕೆಳಗಿನ ತಟ್ಟಿನಲ್ಲಿ, ಈಜುಕೊಳ ಇನ್ನೂ ಕೆಳಗೆ. ನಮ್ಮ ತೋಟದ ಹಾಗೆಯೇ, ಆದರೆ ತೋಟದಲ್ಲಿ ಹತ್ತಿ ಇಳಿಯಲಿಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ರೆಸಾರ್ಟಿನೊಳಗೆ ಜನರನ್ನು ಒಯ್ಯುವ ಸಣ್ಣ ಬಗ್ಗಿ ಗಾಡಿ ಇದೆ ಎಂದರೆ ಎಷ್ಟಿದೆ, ರಾತ್ರಿ ಎಷ್ಟು ಗಂಟೆಯವರೆಗೆ ಅಂತ ಕೇಳಿ.

ಸರಿಯಾದ ಪ್ರಶ್ನೆ ಇದು: ‘ಟ್ಯಾಕ್ಸಿ ಇಳಿದಲ್ಲಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು?’ ಲೆಕ್ಕ ಹೇಳಲಿಕ್ಕೆ ಅವರು ಎದ್ದು ನಡೆಯಲೇಬೇಕು. ಎದ್ದು ನಡೆಯುವ ಹೋಟೆಲು ಒಳ್ಳೆಯ ಹೋಟೆಲು.

ಇನ್ನೂ ಒಳ್ಳೆಯ ಉಪಾಯ ವೀಡಿಯೊ. ವಾಟ್ಸ್ಯಾಪ್ ನಂಬರು ತೆಗೆದುಕೊಂಡು ‘ರಿಸೆಪ್ಶನಿನಿಂದ ಶುರು ಮಾಡಿ ಬಚ್ಚಲಿನ ನಲ್ಲಿಯವರೆಗೆ, ಮಧ್ಯೆ ನಿಲ್ಲಿಸದೆ ಒಂದೇ ವೀಡಿಯೊ ಕಳಿಸಿ’ ಅನ್ನಿ. ಮಧ್ಯೆ ತುಂಡಾದರೆ ಅಲ್ಲೇ ಮೆಟ್ಟಿಲಿದೆ ಅಂತ ತಿಳಿಯಿರಿ. ಗೋವಾದ ಹೋಟೆಲುಗಳಲ್ಲಿ ಉತ್ತರ ಕರ್ನಾಟಕದವರು ಸಾಕಷ್ಟು ಜನ ಕೆಲಸಕ್ಕಿದ್ದಾರೆ. ‘ಹೌಸ್‌ಕೀಪಿಂಗಿನಲ್ಲಿ ಕನ್ನಡದವರು ಯಾರಾದರೂ ಇದ್ದಾರಾ?’ ಎಂದು ಕೇಳಿ ನೋಡಿ. ರೂಮು ದಿನಾ ಗುಡಿಸುವವರಿಗೆ ಯಾವ ಬಚ್ಚಲಿನಲ್ಲಿ ನೀರು ನಿಲ್ಲುತ್ತದೆ, ಯಾವ ರೂಮಿನ ಕೆಳಗೆ ಬಾರ್ ಇದೆ, ಎಲ್ಲ ಗೊತ್ತಿರುತ್ತದೆ. ಮ್ಯಾನೇಜರಿಗೆ ಗೊತ್ತಿರುವುದಿಲ್ಲ.

ವೀಡಿಯೊ ಬಂದ ಮೇಲೆ ಬಚ್ಚಲಿನ ಭಾಗವನ್ನು ಎರಡು ಸಲ ನೋಡಿ. ಬಾತ್‌ಟಬ್ಬಿನೊಳಗೆ ನಿಂತು ಮೀಯುವ ವ್ಯವಸ್ಥೆ ಇದ್ದರೆ ಆ ರೂಮು ಬೇಡ, ಎಷ್ಟು ಚಂದ ಇದ್ದರೂ ಬೇಡ. ಟಬ್ಬಿನ ಅಂಚು ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ. ಒಂದು ಕಾಲು ಒಳಗೆ, ಒಂದು ಹೊರಗೆ, ಕೆಳಗೆ ಸೋಪು ನೀರು, ಹಿಡಿಯಲಿಕ್ಕೆ ಒಂದು ಪರದೆ. ಆ ಪರದೆ ಹಿಡಿದವರು ಪರದೆಯ ಜೊತೆಗೇ ಬೀಳುತ್ತಾರೆ. ನೆಲ ಸಮ ಇರುವ ಶವರ್ ಬೇಕು. ಗಾಜಿನ ಬಾಗಿಲಿನ ಕೆಳಗೆ ಎರಡಿಂಚಿನ ಕಟ್ಟೆ ಇದ್ದರೂ ಎಷ್ಟು ಎತ್ತರ ಅಂತ ಕೇಳಿ, ಪಕ್ಕದಲ್ಲಿ ಒಂದು ಚಪ್ಪಲಿ ಇಟ್ಟು ಫೋಟೊ ತೆಗೆಯಲಿ. ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ ಇದೆಯಾ? ಟವೆಲು ನೇತುಹಾಕುವ ಸರಳು ಹಿಡಿಕೆ ಅಲ್ಲ. ಭಾರ ಬಿದ್ದರೆ ಕಿತ್ತುಬರುತ್ತದೆ. ಕೂತು ಮೀಯಲಿಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಬಾಲ್ದಿ, ಒಂದು ಚೊಂಬು ಇಡಲು ಹೇಳಿ. ಕೇಳಿದರೆ ಸಾಮಾನ್ಯವಾಗಿ ಇಡುತ್ತಾರೆ.

ಆನ್‌ಲೈನಿನಲ್ಲಿ ಸಿಗುವ, ಗೋಡೆಗೆ ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಹಿಡಿಕೆಯನ್ನು ಮಾತ್ರ ತರಿಸಬೇಡಿ. ನುಣುಪಾದ ದೊಡ್ಡ ಟೈಲ್ಸಿಗೆ ಒಂದಷ್ಟು ಹೊತ್ತು ಅಂಟುತ್ತದೆ. ತರಿ ಇರುವ ಟೈಲ್ಸಿಗೆ, ಸಂದಿನ ಮೇಲೆ, ಅಂಟಿದ ಹಾಗೆ ಕಾಣುತ್ತದೆ ಅಷ್ಟೇ. ಇಡೀ ಮೈಭಾರ ಅದರ ಮೇಲೆ ಬಿಡುವ ಕ್ಷಣದಲ್ಲೇ ಅದು ಕೈಗೆ ಬರುವುದು. ಬದಲಿಗೆ ರಬ್ಬರ್ ಮ್ಯಾಟ್ ಒಂದನ್ನು ಸುತ್ತಿ ಪೆಟ್ಟಿಗೆಗೆ ಹಾಕಿ.

ಮಂಚದ ಎತ್ತರವನ್ನೂ ಕೇಳಿ. ಕೂತಾಗ ಪಾದ ನೆಲಕ್ಕೆ ಊರಬೇಕು. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಉರಿಯುವ ಸಣ್ಣ ದೀಪ ಇಲ್ಲದಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಜೀರೊ ಬಲ್ಬು ಊರಿನಿಂದಲೇ ಒಯ್ಯಿರಿ.

ಕೊನೆಗೆ, ಒಪ್ಪಿದ್ದನ್ನೆಲ್ಲ ಇಮೇಲಿನಲ್ಲಿ ಬರೆಸಿಕೊಳ್ಳಿ: ಇಂಥ ಮಹಡಿ, ಲಿಫ್ಟಿನ ಹತ್ತಿರ, ಟಬ್ ಇಲ್ಲದ ಬಚ್ಚಲು, ಬಾರಿನ ಮೇಲಲ್ಲ. ‘ಅಪ್‌ಗ್ರೇಡ್ ಮಾಡಿದ್ದೇವೆ’ ಅಂತ ಬಂದ ದಿನ ನಗುತ್ತಾ ಟಬ್ ಇರುವ ದೊಡ್ಡ ರೂಮು ಕೊಡುವುದುಂಟು. ಬೇಡ ಅನ್ನಲಿಕ್ಕೆ ಆ ಕಾಗದ ಬೇಕು. ರೂಮಿನ ಬಾಡಿಗೆ ದಿನಕ್ಕೆ 7500 ರೂಪಾಯಿ ದಾಟಿದರೆ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರುತ್ತದೆ ಎನ್ನುವುದೂ ನೆನಪಿರಲಿ. 7600ರ ರೂಮಿಗಿಂತ 7400ರದ್ದು ಎಷ್ಟೋ ಅಗ್ಗ.

4. ಕ್ಯಾಸಿನೊ ಸಂಜೆ

ಹಡಗಿಗೆ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಹೋಗಬೇಕು. ನೀರು ಏರಿಳಿದ ಹಾಗೆ ದೋಣಿಯ ಅಂಚೂ ಏರಿಳಿಯುತ್ತದೆ. ಸಿಬ್ಬಂದಿ ಕೈ ಹಿಡಿಯುತ್ತಾರೆ, ಆದರೂ ಬೆಳಕಿರುವಾಗಲೇ ಹತ್ತುವುದು ಕ್ಷೇಮ. ವಾರದ ದಿನಗಳಲ್ಲಿ ಹೋಗಿ. ಶನಿವಾರ, ಭಾನುವಾರ ರಶ್ಶೂ ಜಾಸ್ತಿ, ರೇಟೂ ಜಾಸ್ತಿ. ಒಳಗೆ ಎಷ್ಟು ಮಹಡಿ, ಊಟ ಯಾವ ಮಹಡಿಯಲ್ಲಿ, ಲಿಫ್ಟ್ ಇದೆಯಾ, ಬೀಡಿ ಸಿಗರೇಟಿನ ಹೊಗೆ ಇಲ್ಲದ ಜಾಗ ಇದೆಯಾ, ವಾಪಸ್ ದೋಣಿ ಎಷ್ಟು ಹೊತ್ತಿಗೊಮ್ಮೆ, ಎಲ್ಲ ಮೊದಲೇ ಕೇಳಿ. ಸಕ್ಕರೆ ಕಾಯಿಲೆ ಇರುವವರು ಊಟದ ಕೌಂಟರು ತೆರೆಯುವ ಹೊತ್ತನ್ನೂ ಕೇಳಬೇಕು. ಸಸ್ಯಾಹಾರ ಇರುತ್ತದೆ, ಆದರೆ ಪಕ್ಕದ ಪಾತ್ರೆಯಲ್ಲೇ ಮೀನು ಇರುತ್ತದೆ. ಅದು ಆಗದವರು ಪಣಜಿ ಪೇಟೆಯಲ್ಲೇ ಉಂಡು ಹೋಗುವುದು ಒಳ್ಳೆಯದು. ಎಸಿ ಚಳಿಗೆ ಒಂದು ಶಾಲು. ಶ್ರವಣಯಂತ್ರ ಹಾಕುವವರಿಗೆ ಆ ಗದ್ದಲ ಕಷ್ಟ, ಯಂತ್ರ ತೆಗೆದಿಡಲಿಕ್ಕೆ ಡಬ್ಬಿ ಜೊತೆಗಿರಲಿ.

ಆಧಾರ್‌ನಂಥ ಸರಕಾರಿ ಗುರುತಿನ ಚೀಟಿಯ ಮೂಲ ಪ್ರತಿ ಬೇಕು. ಗಂಡಸರಿಗೆ ಚಡ್ಡಿ, ಹವಾಯಿ ಚಪ್ಪಲಿ ನಡೆಯದು. ಮುಂಡು ಉಟ್ಟು ಹೋಗುವ ಅಂದಾಜಿದ್ದರೆ ಫೋನಿನಲ್ಲೇ ಕೇಳಿ, ಬಾಗಿಲಲ್ಲಿ ವಾದ ಬೇಡ.

5. ದುಡ್ಡು

ಕಾಸರಗೋಡಿನವರಿಗೆ ಲಾಟರಿ ಹೊಸತಲ್ಲ. ಕೇರಳ ಸರಕಾರವೇ 1967ರಿಂದ ನಡೆಸುತ್ತಿದೆ. ಲಾಟರಿಯಲ್ಲಿ ಟಿಕೆಟಿನ ದುಡ್ಡು ಹೋದರೆ ಹೋಯಿತು, ಮನೆಗೆ ಬಂದು ಗಂಜಿ ಉಣ್ಣಬಹುದು. ಕ್ಯಾಸಿನೊದಲ್ಲಿ ಮೇಜು ಎದ್ದು ಹೋಗು ಅನ್ನುವುದಿಲ್ಲ. ರೂಲೆಟ್ ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ. ಒಂದು ಅಂಕಿಗೆ ಹಾಕಿ ಗೆದ್ದರೆ ಕೊಡುವುದು 35 ಪಟ್ಟು. ಆ ವ್ಯತ್ಯಾಸದಲ್ಲೇ ಹಡಗು ತೇಲುವುದು. ಸೊನ್ನೆ ಎರಡಿರುವ ಚಕ್ರವಾದರೆ ಇನ್ನೂ ನಷ್ಟ.

ಇದರ ಮೇಲೆ, ಕ್ಯಾಸಿನೊಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದರೆ ಆ ದುಡ್ಡಿಗೆ ಶೇ 30 ಆದಾಯ ತೆರಿಗೆ. ಸೋತದ್ದನ್ನು ಅದರಿಂದ ಕಳೆಯಲಿಕ್ಕಿಲ್ಲ. ಪ್ಯಾಕೇಜಿನ ಜೊತೆ ಕೊಡುವ ಫ್ರೀ ಚಿಪ್ (ದುಡ್ಡಿನ ಬದಲು ಮೇಜಿನ ಮೇಲಿಡುವ ಬಿಲ್ಲೆ) ಹೆಚ್ಚಾಗಿ ಒಮ್ಮೆ ಆಡಲಿಕ್ಕೆ ಮಾತ್ರ, ಕೌಂಟರಿನಲ್ಲಿ ಕೊಟ್ಟು ದುಡ್ಡು ಪಡೆಯಲಾಗದು. ಹಾಗಾಗಿ ಇಬ್ಬರಿಗೂ ಸೇರಿ ಇಷ್ಟು ಅಂತ ನೋಟು ಎಣಿಸಿ ಅಜ್ಜಿಯ ಪರ್ಸಿನಲ್ಲಿಡಿ. ಅಜ್ಜನ ಎಟಿಎಂ ಕಾರ್ಡು ರೂಮಿನಲ್ಲೇ ಇರಲಿ.

ಬೀಚಿನ ಹತ್ತಿರ ‘ಸ್ಕ್ರ್ಯಾಚ್ ಕಾರ್ಡ್ ಗೀಚಿ, ಫ್ರೀ ಹಾಲಿಡೇ ಗೆದ್ದಿದ್ದೀರಿ’ ಅಂತ ಹುಡುಗರು ಬಂದರೆ ಮುಂದೆ ನಡೆಯಿರಿ. ಕರೆದೊಯ್ದು ಎರಡು ಗಂಟೆ ಎಸಿ ರೂಮಿನಲ್ಲಿ ಕೂರಿಸಿ ರೆಸಾರ್ಟ್ ಮೆಂಬರ್‌ಶಿಪ್ ಮಾರುತ್ತಾರೆ. ವಯಸ್ಸಾದ ಜೋಡಿ ಕಂಡರೆ ಅವರಿಗೆ ವಿಶೇಷ ಪ್ರೀತಿ.

6. ರೈಲು

ನೇತ್ರಾವತಿ, ಮಂಗಳಾ ಎರಡೂ ಕಾಸರಗೋಡಿನಲ್ಲಿ ನಿಂತು ಗೋವಾದ ಮಡಗಾಂವ್‌ಗೆ ಹೋಗುತ್ತವೆ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಆದರೆ ಲೋವರ್ ಬರ್ತ್ ಕೋಟಾ ಇದೆ: ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು. ಒಂದು ಟಿಕೆಟಿನಲ್ಲಿ ಹೆಚ್ಚೆಂದರೆ ಇಬ್ಬರೇ ಇರಬೇಕು. ಮಗ, ಸೊಸೆ, ಮೊಮ್ಮಗು ಎಲ್ಲರ ಹೆಸರೂ ಒಂದೇ ಟಿಕೆಟಿಗೆ ಸೇರಿಸಿದರೆ ಕೋಟಾ ತಪ್ಪುತ್ತದೆ, ಅಜ್ಜ ಮೇಲಿನ ಬರ್ತ್ ಹತ್ತಬೇಕಾಗುತ್ತದೆ. ಅವರಿಬ್ಬರಿಗೆ ಬೇರೆಯೇ ಟಿಕೆಟು ಮಾಡಿ.

ಹಗಲು ಕೂತು ಹೋಗುವುದಾದರೆ ಮಂಗಳೂರು ಸೆಂಟ್ರಲಿನಿಂದ ಬೆಳಿಗ್ಗೆ ಹೊರಡುವ ವಂದೇ ಭಾರತ್ ಆರಾಮ, ಮಧ್ಯಾಹ್ನಕ್ಕೆ ಮಡಗಾಂವ್. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ, ನೋಡಿಕೊಳ್ಳಿ. ವಾಪಸ್ ಅದೇ ವಂದೇ ಭಾರತ್ ಮಡಗಾಂವ್ ಬಿಡುವುದು ಸಂಜೆ. ಹೋಟೆಲು ರೂಮು ಖಾಲಿ ಮಾಡಿಸುವುದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಮಧ್ಯದ ಆ ಐದಾರು ಗಂಟೆ ಲಾಬಿಯ ಸೋಫಾದಲ್ಲಿ ಕೂರಿಸಬೇಡಿ. ಲೇಟ್ ಚೆಕ್‌ಔಟಿಗೆ ಎಷ್ಟು ಅಂತ ಆ ಮೊದಲ ಫೋನಿನಲ್ಲೇ ಕೇಳಿ, ಇಮೇಲಿನಲ್ಲಿ ಅದನ್ನೂ ಸೇರಿಸಿ.