ಗೇರ್ ಕಾರು ಕಲಿಯೋರು ಮೊದಲು ಎಡಗಾಲಿಗೆ ಕಲಿಸಿ

ನಮ್ಮಕ್ಕ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕ್ಲಾಸೆಲ್ಲ ಮುಗಿಸಿ, ಟೆಸ್ಟೂ ಪಾಸಾಗಿ, ಡಿಎಲ್ ಕೈಗೆ ಬಂದಮೇಲೆ ಮನೆ ಕಾರಲ್ಲಿ ಕೂತ್ರೆ ಅಂಗಳ ದಾಟಕ್ಕೇ ಆಗ್ಲಿಲ್ಲ. ನಾಲ್ಕು ಸಲ ಸ್ಟಾರ್ಟ್ ಮಾಡಿದ್ಲು, ನಾಲ್ಕು ಸಲಾನೂ ಗಾಡಿ ಜರ್ಕ್ ಹೊಡೆದು ಆಫ್ ಆಯ್ತು, ಕೀ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋಗ್ಬಿಟ್ಲು. ಆಮೇಲೆ ಕೂತು ಕೇಳಿದಾಗ ಗೊತ್ತಾಗಿದ್ದು, ಸ್ಕೂಲಿನ ಕಾರಲ್ಲಿ ಪಕ್ಕದ ಸೀಟಲ್ಲೂ ಕ್ಲಚ್ಚು ಬ್ರೇಕು ಇರತ್ತಲ್ಲ, ಅಷ್ಟೂ ದಿನ ಇವ್ಳು ಸ್ಟಿಯರಿಂಗ್ ತಿರುಗಿಸಿದಾಳೆ, ಕ್ಲಚ್ಚು ನೋಡ್ಕೊಂಡಿದ್ದು ಬಹುಪಾಲು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು. ಇದು ಎಷ್ಟೋ ಜನರ ಕಥೆ, ಅದಕ್ಕೇ ಬರೀತಿದೀನಿ. ಕಲಿಯಕ್ಕೆ ಹೋಗೋರು ಮೊದಲನೇ ದಿನಾನೇ ಕೇಳಿ, ಸರ್ ನಿಮ್ಮ ಕಾಲು ಪೆಡಲ್ ಮೇಲಿಂದ ತೆಗೀರಿ, ಆಫ್ ಆದ್ರೆ ಆಗ್ಲಿ ಅಂತ.

ಕಾಗದಪತ್ರದ ವಿಷಯ ಬೇಗ ಹೇಳ್ಬಿಡ್ತೀನಿ. 18 ವರ್ಷ ಆಗಿರ್ಬೇಕು, ಮೊದಲು ಎಲ್ಎಲ್ಆರ್, ಅಂದ್ರೆ ಕಲಿಯೋರ ಲೈಸೆನ್ಸು, ಅದಕ್ಕೆ 6 ತಿಂಗಳು ವ್ಯಾಲಿಡಿಟಿ, 30 ದಿನ ಆದ್ಮೇಲೆ ಡಿಎಲ್ ಟೆಸ್ಟಿಗೆ ಹೋಗ್ಬಹುದು. ಅಲ್ಲೀವರೆಗೂ ಗಾಡಿಗೆ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇರೋರು ಇರ್ಲೇಬೇಕು.

ಈಗ ಸೀಟು. ಕ್ಲಚ್ಚನ್ನ ಪೂರ್ತಿ ತಳಕ್ಕೆ ಒತ್ತಿದಾಗ್ಲೂ ನಿಮ್ಮ ಎಡಮಂಡಿ ಸ್ವಲ್ಪ ಮಡಚಿರ್ಬೇಕು, ಹಂಗೆ ಸೀಟು ಮುಂದಕ್ಕೆ ಎಳ್ಕೊಳ್ಳಿ. ಕುಳ್ಳಗಿರೋರು ದಿಂಬು ಹಾಕ್ಕೊಳೋದಕ್ಕೆ ಏನೂ ನಾಚ್ಕೋಬೇಡಿ, ಆದ್ರೆ ಅದು ಜಾರದೇ ಇರ್ಲಿ. ಹವಾಯಿ ಚಪ್ಪಲಿ ಬೇಡ್ವೇ ಬೇಡ, ಪೆಡಲ್ಲಿಗೆ ಸಿಕ್ಕಾಕ್ಕೊಳತ್ತೆ.

ಕ್ಲಚ್ಚು ಏನು ಮಾಡತ್ತೆ ಅಂತ ತಿಳ್ಕೊಂಡ್ರೆ ಅರ್ಧ ಭಯ ಹೋಗತ್ತೆ. ಗಾಡಿ ನಿಂತಿದ್ರೂ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗ್ತಾ ಇರತ್ತೆ, ಚಕ್ರ ಮಾತ್ರ ನಿಂತಿರತ್ತೆ. ಇವೆರಡರ ಮಧ್ಯೆ ಇರೋದೇ ಕ್ಲಚ್ ಪ್ಲೇಟು. ಪೆಡಲ್ ಒತ್ತಿದ್ರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯತ್ತೆ, ಬಿಟ್ರೆ ಸೇರತ್ತೆ. ಪಟ್ ಅಂತ ಬಿಟ್ರೆ ನಿಂತಿರೋ ಚಕ್ರ ತಿರುಗೋ ಇಂಜಿನ್ನನ್ನೇ ಹಿಡಿದು ನಿಲ್ಲಿಸ್ಬಿಡತ್ತೆ, ಅದೇ ಗಾಡಿ ಆಫ್ ಆಗೋದು. ನಿಧಾನ ಬಿಟ್ರೆ ಪ್ಲೇಟು ಒಂಚೂರು ಉಜ್ಜಿಕೊಂಡು ಚಕ್ರಾನ ಮೆಲ್ಲಗೆ ತನ್ನ ಜೊತೆ ಕರ್ಕೊಂಡು ಹೋಗತ್ತೆ. ಆ ಮಧ್ಯದ ಜಾಗಕ್ಕೇ ಹಾಫ್ ಕ್ಲಚ್ ಅನ್ನೋದು.

ಅಕ್ಕನಿಗೆ ನಾನು ಮಾಡಿಸಿದ್ದು ಹೀಗೆ. ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನ, ಸಮತಟ್ಟು ಜಾಗ, ಎಕ್ಸಲೇಟರ್ ಮುಟ್ಟಂಗೇ ಇಲ್ಲ ಅಂತ ಮೊದಲೇ ಹೇಳ್ದೆ. ಕ್ಲಚ್ ಪೂರ್ತಿ ಒತ್ತು, ಫಸ್ಟ್ ಗೇರ್ ಹಾಕು, ಹ್ಯಾಂಡ್ ಬ್ರೇಕ್ ಇಳ್ಸು, ಬಲಗಾಲು ಬ್ರೇಕ್ ಮೇಲಿಂದ ತೆಗೆದು ನೆಲಕ್ಕಿಡು, ಈಗ ಎಡಗಾಲನ್ನ ಒಂದೊಂದೇ ನೂಲಷ್ಟು ಮೇಲಕ್ಕೆ ಬಿಡ್ತಾ ಬಾ. ಒಂದು ಕಡೆ ಬಂದಾಗ ಇಂಜಿನ್ ಸದ್ದು ಸ್ವಲ್ಪ ದಪ್ಪ ಆಗತ್ತೆ, ಸ್ಟಿಯರಿಂಗಲ್ಲಿ ಸಣ್ಣಗೆ ನಡುಕ ಬರತ್ತೆ, ಬಾನೆಟ್ಟು ಕೂದಲೆಳೆಯಷ್ಟು ಎದ್ದಂಗೆ ಅನ್ಸತ್ತೆ. ಅಲ್ಲೇ ಕಾಲು ನಿಲ್ಲಿಸ್ಬೇಕು! ಎಲ್ಲರೂ ತಪ್ಪೋದು ಇಲ್ಲೇ, ಗಾಡಿ ಹೊರಟ ತಕ್ಷಣ ಕೆಲಸ ಆಯ್ತು ಅಂತ ಕಾಲು ಬಿಟ್ಬಿಡ್ತಾರೆ. ಅಲ್ಲೇ ಎರಡು ಸೆಕೆಂಡ್ ಹಿಡಿದು, ಗಾಡಿ ಉರುಳಕ್ಕೆ ಶುರುವಾದ್ಮೇಲೆ ಉಳಿದಿದ್ದು ಬಿಡಿ. ಸಣ್ಣ ಪೆಟ್ರೋಲ್ ಗಾಡಿನೂ ಸಮತಟ್ಟಲ್ಲಿ ಎಕ್ಸಲೇಟರ್ ಇಲ್ದೇನೇ ನಡಿಗೆ ಸ್ಪೀಡಲ್ಲಿ ಹೋಗತ್ತೆ. ಹೊರಡೋದು ನಿಲ್ಲಿಸೋದು, ಹೊರಡೋದು ನಿಲ್ಲಿಸೋದು, ಅವತ್ತು ಐವತ್ತು ಸಲನಾದ್ರೂ ಮಾಡ್ಸಿದೀನಿ, ಕೊನೆಗೆ ಅಕ್ಕ ಸ್ಟಿಯರಿಂಗ್ ಕಡೆ ನೋಡೋದು ಬಿಟ್ಟು ನನ್ನ ಜೊತೆ ಮಾತಾಡ್ತಾ ಗಾಡಿ ಎತ್ತೋಕೆ ಶುರು ಮಾಡಿದ್ಲು.

ಗೇರ್ ಬದಲಾಯಿಸೋದು ಇದರ ಮುಂದೆ ಏನೂ ಅಲ್ಲ. ಎಕ್ಸಲೇಟರ್ ಬಿಡು, ಕ್ಲಚ್ ಒತ್ತು, ಗೇರ್ ಹಾಕು, ಕ್ಲಚ್ ಬಿಡು. ಸ್ಪೀಡು 15 ಕಿಲೋಮೀಟರ್ ದಾಟಿದ್ರೆ ಸೆಕೆಂಡು, 30ರ ಹತ್ರ ಥರ್ಡು, 45ರ ಮೇಲೆ ಫೋರ್ತು ಅನ್ನೋದು ಸುಮಾರು ಲೆಕ್ಕ, ಕಿವಿ ಕೊಟ್ರೆ ಇಂಜಿನ್ನೇ ಹೇಳತ್ತೆ. ಗೇರ್ ರಾಡನ್ನ ಮುಷ್ಟಿ ಕಟ್ಟಿ ಹಿಡೀಬೇಡಿ, ಅಂಗೈಯಲ್ಲಿ ತಳ್ಳಿ. ನೋಡಿ ಹಾಕೋ ಅಭ್ಯಾಸ ಬೇಡ, ನಿಂತಿರೋ ಗಾಡಿಲಿ ಕಣ್ಣುಮುಚ್ಚಿ ಹಾಕಿ ತೆಗೆದು ಮಾಡಿ. ರಿವರ್ಸು ಒಂದೊಂದು ಗಾಡಿಲಿ ಒಂದೊಂದು ಕಡೆ ಇರತ್ತೆ, ಕೆಲವಕ್ಕೆ ರಾಡಿನ ಕೆಳಗಿರೋ ರಿಂಗ್ ಎತ್ತಬೇಕು, ಬೇರೆಯವರ ಗಾಡಿ ತಗೊಂಡ್ರೆ ಮೊದಲು ಇದನ್ನ ಕೇಳ್ಕೊಳ್ಳಿ. ಗಾಡಿ ಓಡ್ತಿರೋವಾಗ ಎಡಗಾಲು ಕ್ಲಚ್ಚಿನ ಮೇಲೆ ಇಟ್ಕೊಂಡೇ ಇರ್ಬೇಡಿ, ಪಕ್ಕಕ್ಕೆ ಇಡಿ, ಇಲ್ಲಾಂದ್ರೆ ಪ್ಲೇಟ್ ಸವೆದು ಒಂದಿನ ಸುಟ್ಟ ವಾಸನೆ ಬರತ್ತೆ.

ಏರು ನಿಜವಾದ ಪರೀಕ್ಷೆ. ಅಕ್ಕನ ಮನೆ ತೋಟದ ಪಕ್ಕ ತಗ್ಗಲ್ಲಿದೆ, ಅಂಗಳದಿಂದ ಟಾರ್ ರೋಡಿಗೆ ಬರ್ಬೇಕಂದ್ರೆ ಮಣ್ಣಿನ ಏರು ಹತ್ತಿ ತುದೀಲಿ ನಿಂತು ಎರಡೂ ಕಡೆ ನೋಡಿ ಹೊರಡ್ಬೇಕು. ಅಲ್ಲಿ ಬ್ರೇಕಿಂದ ಕಾಲು ತೆಗೆದ ಕೂಡ್ಲೆ ಗಾಡಿ ಹಿಂದಕ್ಕೆ ಬರತ್ತೆ, ಗಾಬರಿಗೆ ಕ್ಲಚ್ ಬಿಡ್ತಾರೆ, ಆಫ್ ಆಗತ್ತೆ. ಅದಕ್ಕೆ ಹ್ಯಾಂಡ್ ಬ್ರೇಕೇ ಮದ್ದು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಫಸ್ಟ್ ಗೇರಲ್ಲಿ ಸ್ವಲ್ಪ ಎಕ್ಸಲೇಟರ್ ಕೊಟ್ಟು ಹಿಡ್ಕೊಳ್ಳಿ, ಕ್ಲಚ್ಚನ್ನ ಹಾಫಿಗೆ ತನ್ನಿ, ಗಾಡಿ ಮುಂದಕ್ಕೆ ಹೋಗಕ್ಕೆ ತವಕಿಸ್ತಿದೆ ಅಂತ ಅನ್ಸಿದ್ಮೇಲೆ ಹ್ಯಾಂಡ್ ಬ್ರೇಕ್ ಇಳ್ಸಿ. ಒಂದಿಂಚೂ ಹಿಂದಕ್ಕೆ ಬರಲ್ಲ. ಬೆಂಗಳೂರಿನ ಫ್ಲೈಓವರ್ ಟ್ರಾಫಿಕ್ಕಲ್ಲಿ ಹಿಂದೆ ಬೈಕ್ ಅಂಟ್ಕೊಂಡು ನಿಂತಿದ್ರೂ ಇದೇ. ಕ್ಲಚ್ಚಲ್ಲೇ ಗಾಡಿ ತೂಗಿಸ್ಕೊಂಡು ನಿಲ್ಲೋರು ಇರ್ತಾರೆ, ಅದನ್ನ ನೋಡಿ ಕಲೀಬೇಡಿ, ಪ್ಲೇಟ್ ಸುಡೋ ದಾರಿ ಅದು.

ಇಳಿಯುವಾಗ ಇನ್ನೂ ಹುಷಾರು. ಆಗುಂಬೆ ಘಾಟಿಲಿ 14 ಹೇರ್‌ಪಿನ್ ತಿರುವು ಇದೆ, ಅಲ್ಲಿ ಪೆಟ್ರೋಲ್ ಉಳಿಯತ್ತೆ ಅಂತ ಗೇರ್ ತೆಗೆದು ನ್ಯೂಟ್ರಲ್ ಮಾಡೋರನ್ನ ಕಂಡ್ರೆ ನನಗೆ ಕೈಕಾಲು ನಡುಗತ್ತೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿದ್ದು ಎಕ್ಸಲೇಟರ್ ಬಿಟ್ರೆ ಇಂಧನ ಹೆಚ್ಚುಕಮ್ಮಿ ನಿಂತೇ ಹೋಗತ್ತೆ, ನ್ಯೂಟ್ರಲ್ಲಲ್ಲೇ ಇಂಜಿನ್ ತಿರುಗಕ್ಕೆ ಪೆಟ್ರೋಲ್ ಬೇಕಾಗೋದು. ಅದಕ್ಕಿಂತ ದೊಡ್ಡದು ಬ್ರೇಕು, ಬರೀ ಬ್ರೇಕ್ ಮೇಲೇ ಇಳಿದ್ರೆ ಕಾದು ಹಿಡಿತ ಬಿಡತ್ತೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗ್ಲೂ ಅದೇ, ತಿರುವಿಗೆ ಮುಂಚೇನೇ ಸೆಕೆಂಡಿಗೆ ಬನ್ನಿ, ಹತ್ತಿ ಬರ್ತಿರೋ ಗಾಡಿಗೆ ದಾರಿ ಬಿಡಿ. ಇಂಜಿನ್ ಆಫ್ ಅಂತೂ ಮಾಡ್ಲೇಬೇಡಿ, ಒಂದೆರಡು ಸಲ ಒತ್ತಿದ್ಮೇಲೆ ಬ್ರೇಕ್ ಕಲ್ಲಿನಂಗಾಗತ್ತೆ, ಪವರ್ ಸ್ಟಿಯರಿಂಗೂ ಬಿಗಿಯಾಗತ್ತೆ.

ನಿಲ್ಲಿಸಿ ಇಳಿಯೋ ಮುಂಚೆ ಒಂದು ಕೆಲಸ. ಮೂತಿ ಏರಿನ ಕಡೆ ಇದ್ರೆ ಫಸ್ಟ್ ಗೇರು, ಇಳಿಜಾರಿನ ಕಡೆ ಇದ್ರೆ ರಿವರ್ಸ್ ಹಾಕಿ ಹ್ಯಾಂಡ್ ಬ್ರೇಕ್ ಎಳೀರಿ, ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಆಗಿದ್ರೂ ಗೇರ್ ಹಿಡಿದಿರತ್ತೆ. ಮತ್ತೆ ಸ್ಟಾರ್ಟ್ ಮಾಡುವಾಗ ಗೇರಲ್ಲಿದೆ ಅನ್ನೋದು ನೆನಪಿರ್ಲಿ, ಕ್ಲಚ್ ಒತ್ತಿ ಕೀ ತಿರುಗ್ಸಿ. ಅಕ್ಕ ಈಗ ದಿನಾ ಆ ಏರು ಹತ್ತಿ ಮಗಳನ್ನ ಕಾಲೇಜಿಗೆ ಬಿಟ್ಟು ಬರ್ತಾಳೆ, ಅಂಗಳದಲ್ಲಿ ನಿಲ್ಲಿಸಿದ್ಮೇಲೆ ಹಿಂದಿನ ಚಕ್ರಕ್ಕೊಂದು ಜಂಬಿಟ್ಟಿಗೆ ಕಲ್ಲು ಕೊಟ್ಟೇ ಒಳಗೆ ಹೋಗೋದು.